ಗುಜರಿಗೆ ಬಂದ ಹಡಗಿನ ಕಿಟಕಿ



ಬಸವನಗುಡಿಯಿಂದ ಜಯನಗರದ ಕಡೆಗೆ ನಡೆದು ಹೋಗುವಾಗ, ಇನ್ನೂ ಉಳಿದುಕೊಂಡಿರುವ ಹಳೆಯ ಮನೆಗಳನ್ನು ಒಮ್ಮೆ ತಲೆಯೆತ್ತಿ ನೋಡಿ. ಕೆಲವು ಮನೆಗಳ ಮೂಲೆ ಚೂಪಾಗಿರದೆ ದುಂಡಗೆ ತಿರುಗಿರುತ್ತದೆ. ಬಾಲ್ಕನಿಗೆ ಹಡಗಿನ ಡೆಕ್‌ಗೆ ಇರುವಂಥ ಕಬ್ಬಿಣದ ಕೊಳವೆಯ ಕಟಕಟೆ. ಮೆಟ್ಟಿಲಿನ ಗೋಡೆಯಲ್ಲಿ ಒಂದೇ ಒಂದು ದುಂಡು ಕಿಟಕಿ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರ, ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರಿಗೆ ಹಡಗಿನ ಕಿಟಕಿ ಹೇಗೆ ಬಂತು?

ಉತ್ತರ ಸರಳ. 1920 ಮತ್ತು 30ರ ದಶಕಗಳಲ್ಲಿ ಜಗತ್ತಿಗೆ ಆಧುನಿಕತೆಯ ಗುರುತೆಂದರೆ ಸಾಗರ ದಾಟುವ ದೊಡ್ಡ ಪ್ರಯಾಣಿಕ ಹಡಗು. ವಾಸ್ತುಶಿಲ್ಪಿ ಲ ಕಾರ್ಬೂಸಿಯೇ 1923ರ ತನ್ನ ಪುಸ್ತಕದಲ್ಲಿ ಹಡಗುಗಳ ಚಿತ್ರ ತೋರಿಸಿ, ಕಟ್ಟಡಗಾರರು ಇವುಗಳಿಂದ ಕಲಿಯಬೇಕು ಎಂದು ವಾದಿಸಿದ. ಆರ್ಟ್ ಡೆಕೊ ಎಂಬ ಶೈಲಿಯ ಜೊತೆಗೆ ಹಡಗಿನ ದುಂಡು ಕಿಟಕಿ ಮುಂಬಯಿಗೆ ಬಂತು, ಅಲ್ಲಿಂದ ಬೆಂಗಳೂರಿಗೂ ಬಂತು. ಆದರೆ ಬಂದದ್ದು ಆಕಾರ ಮಾತ್ರ. ನಮ್ಮ ಮನೆಗಳ ದುಂಡು ಕಿಟಕಿಗೆ ಹಡಗಿನ ಕಿಟಕಿಯ ಕಷ್ಟ ಗೊತ್ತಿಲ್ಲ.

ಇದು ನನಗೂ ಬಹಳ ದಿನ ಗೊತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಸಮುದ್ರಯಾನದ ಬಗ್ಗೆ ಒಂದು ಚರ್ಚಾ ಕಾರ್ಯಕ್ರಮಕ್ಕೆ ಸೆಟ್ ಹಾಕಿಸುತ್ತಿದ್ದೆ. ಹಿನ್ನೆಲೆಯಲ್ಲಿ ಇರಲೆಂದು ಹಳೆ ಸಾಮಾನಿನ ಅಂಗಡಿಯೊಂದರಿಂದ ಥಳಥಳ ಹೊಳೆಯುವ ಹಿತ್ತಾಳೆಯ ಪೋರ್ಟ್‌ಹೋಲ್ ಒಂದನ್ನು ತರಿಸಿದೆ. ಪೋರ್ಟ್‌ಹೋಲ್ ಎಂದರೆ ಹಡಗಿನ ಪಕ್ಕೆಯಲ್ಲಿರುವ ದುಂಡು ಕಿಟಕಿ. ಕಾರ್ಯಕ್ರಮಕ್ಕೆ ಬಂದಿದ್ದ ನಿವೃತ್ತ ಹಡಗಿನ ಎಂಜಿನಿಯರೊಬ್ಬರು ಅದನ್ನು ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ ನಮ್ಮ ಬಡಗಿಯ ಹತ್ತಿರವಿದ್ದ ಆಯಸ್ಕಾಂತವನ್ನು ತರಿಸಿ ಹಿಡಿದರು. ಅದು ಗಪ್ಪನೆ ಅಂಟಿಕೊಂಡಿತು. ಹಿತ್ತಾಳೆಗೆ ಆಯಸ್ಕಾಂತ ಅಂಟುವುದಿಲ್ಲ. ನಾನು ತಂದದ್ದು ಮೇಲೆ ಹಿತ್ತಾಳೆಯ ಲೇಪವಿದ್ದ ಕಬ್ಬಿಣ. ಅವರು ನಕ್ಕು, "ಅದು ಹೋಗಲಿ ಬಿಡಪ್ಪಾ, ಇದರ ಮುಚ್ಚಳ ಎಲ್ಲಿ?" ಎಂದರು. ಕಿಟಕಿಗೆ ಮುಚ್ಚಳವೇಕೆ ಎಂದು ನಾನು ಕೇಳಿದೆ. ಅವರು ಹೇಳಿದ್ದನ್ನೂ, ಆಮೇಲೆ ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಹಳೆಯ ಕಿಟಕಿ, ಹೊಸ ದೋಣಿ

ಒಡೆದ ಹಡಗುಗಳಿಂದ ಕಳಚಿದ ಪೋರ್ಟ್‌ಹೋಲ್‌ಗಳು ಈಗಲೂ ದೋಣಿಗಳಿಗೆ ಹೋಗಿ ಸೇರುತ್ತವೆ. ಇಂಗ್ಲೆಂಡಿನ ಕಾಲುವೆಗಳಲ್ಲಿ ಸುಮಾರು 7 ಅಡಿ ಅಗಲದ, 70 ಅಡಿಯವರೆಗೂ ಉದ್ದವಿರುವ ಕಿರುದೋಣಿಗಳಿವೆ. ಒಂದು ಕಾಲಕ್ಕೆ ಕಲ್ಲಿದ್ದಲು ಸಾಗಿಸುತ್ತಿದ್ದ ಈ ಬಗೆಯ ದೋಣಿಗಳು, ರೈಲು ಮತ್ತು ಲಾರಿಗಳ ಪೈಪೋಟಿಯಲ್ಲಿ ಕೆಲಸ ಕಳೆದುಕೊಂಡು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮನೆಗಳೂ ವಿಹಾರದ ದೋಣಿಗಳೂ ಆದವು. ಇವುಗಳಲ್ಲಿ ಎಷ್ಟೋ ದೋಣಿಗಳಿಗೆ ಬಸ್ಸಿನ ಕಿಟಕಿಯಂಥ ಉದ್ದನೆಯ ಗಾಜು, ಅಲ್ಯೂಮಿನಿಯಂ ಚೌಕಟ್ಟು. ವರ್ಷಗಳು ಕಳೆದಂತೆ ಚೌಕಟ್ಟಿನ ಸಂದಿಯಿಂದ ನೀರು ಸೋರುತ್ತದೆ. ಚಳಿಗಾಲದಲ್ಲಿ ಒಳಗಿನ ತೇವವೆಲ್ಲ ಗಾಜಿನ ಮೇಲೆ ಹನಿಗಟ್ಟಿ ಇಳಿಯುತ್ತದೆ. ಆಗ ಕೆಲವರು ಅವನ್ನು ತೆಗೆದು, ಚೌಕದ ತೂತಿಗೆ ಉಕ್ಕಿನ ತಗಡು ಬೆಸೆದು ಮುಚ್ಚಿ, ಅದರಲ್ಲಿ ದುಂಡನೆಯ ಕಿಂಡಿ ಕೊರೆದು, ಹಳೆಯ ಲೋಹದ ಪೋರ್ಟ್‌ಹೋಲ್ ಕೂರಿಸುತ್ತಾರೆ. ಸಮುದ್ರದ ಹಳೆಯ ಮರದ ದೋಣಿಗಳನ್ನು ದುರಸ್ತಿ ಮಾಡುವವರೂ ಹೀಗೆಯೇ ಮಾಡುವುದುಂಟು.

ಇದರಲ್ಲಿ ನಷ್ಟವೂ ಇದೆ. 60 ಸೆಂಟಿಮೀಟರ್ ಎತ್ತರ, 90 ಸೆಂಟಿಮೀಟರ್ ಅಗಲದ ಕಿಟಕಿಯ ಜಾಗದಲ್ಲಿ 30 ಸೆಂಟಿಮೀಟರ್ ವ್ಯಾಸದ ದುಂಡು ಗಾಜು ಕೂತರೆ, ಬೆಳಕು ಬರುವ ಜಾಗ ಹೆಚ್ಚುಕಡಿಮೆ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇಷ್ಟು ಕತ್ತಲನ್ನು ಒಪ್ಪಿಕೊಂಡಾದರೂ ಹಳೆಯ ಕಿಟಕಿಯೇ ಬೇಕೆನ್ನುವುದು ಬರೀ ಚೆಂದಕ್ಕೆಂದು ನೀವು ಅಂದುಕೊಳ್ಳಬಹುದು. ಆದರೆ ಆ ಕಿಟಕಿಯ ಆಕಾರಕ್ಕೆ ಒಂದು ಕಾರಣವಿದೆ, ಲೋಹಕ್ಕೆ ಒಂದು ಕಾರಣವಿದೆ, ಮುಚ್ಚಳಕ್ಕೂ ಒಂದು ಕಾರಣವಿದೆ. ಮೂರನ್ನೂ ಮನುಷ್ಯ ಬೆಲೆ ತೆತ್ತು ಕಲಿತಿದ್ದಾನೆ.

ಹಡಗಿನ ಪಕ್ಕೆಗೆ ತೂತು

ಹಡಗಿನ ಪಕ್ಕೆಯಲ್ಲಿ ತೂತು ಮಾಡುವುದೆಂದರೆ ಮೊದಲ ನೋಟಕ್ಕೆ ಹುಚ್ಚುತನ. ಆ ಕೆಲಸ ಆರಂಭವಾದದ್ದು ಬೆಳಕಿಗಾಗಿ ಅಲ್ಲ, ಫಿರಂಗಿಗಾಗಿ. ಭಾರವಾದ ಫಿರಂಗಿಗಳನ್ನು ಮೇಲಿನ ಡೆಕ್‌ನಲ್ಲಿಟ್ಟರೆ ಹಡಗಿನ ತಲೆ ಭಾರವಾಗುತ್ತದೆ. ಕೆಳಗಿನ ಡೆಕ್‌ನಲ್ಲಿಡಬೇಕಾದರೆ ಪಕ್ಕೆಯಲ್ಲಿ ಕಿಂಡಿ ಬೇಕು, ಕಿಂಡಿಗೆ ಮೇಲಕ್ಕೆತ್ತುವ ಬಾಗಿಲು ಬೇಕು. 1500ರ ಆಸುಪಾಸಿನಲ್ಲಿ ಯುರೋಪಿನ ಹಡಗುಗಳಲ್ಲಿ ಈ ಬಾಗಿಲುಗಳು ಕಾಣಿಸಿಕೊಂಡವು. ಪೋರ್ಟ್ ಎಂಬ ಮಾತಿನ ಮೂಲದಲ್ಲಿಯೇ ಬಾಗಿಲು ಎಂಬ ಅರ್ಥವಿದೆ.

ಈ ಬಾಗಿಲುಗಳು ಬಹುಬೇಗ ಬೆಲೆ ಕೇಳಿದವು. 1545ರ ಜುಲೈ 19ರಂದು ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ 'ಮೇರಿ ರೋಸ್' ಹಡಗು ಯುದ್ಧದ ನಡುವೆ ಒಂದು ಕಡೆಗೆ ವಾಲಿತು. ತೆರೆದಿದ್ದ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. 1628ರ ಆಗಸ್ಟ್ 10ರಂದು ಸ್ವೀಡನ್ನಿನ 'ವಾಸಾ' ತನ್ನ ಮೊದಲ ಯಾನದಲ್ಲಿಯೇ, ದಡ ಬಿಟ್ಟು ಒಂದೂವರೆ ಕಿಲೋಮೀಟರ್ ಕೂಡ ಹೋಗದೆ, ಹಾಗೆಯೇ ಮುಳುಗಿತು. ಗಾಳಿ ಜೋರಾಗಿರಲಿಲ್ಲ. ಹಡಗು ವಾಲಿತು, ಕೆಳಗಿನ ಕಿಂಡಿಗಳು ತೆರೆದಿದ್ದವು, ಅಷ್ಟೇ ಸಾಕಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿಣದ ಉಗಿಹಡಗುಗಳು ಬಂದವು, ಸಾವಿರಾರು ಪ್ರಯಾಣಿಕರು ಬಂದರು. ಅವರಿಗೆ ಬೆಳಕು ಬೇಕು, ಗಾಳಿ ಬೇಕು. ಫಿರಂಗಿಯ ಕಿಂಡಿ ಚಿಕ್ಕದಾಗಿ, ದುಂಡಗಾಗಿ, ಗಾಜು ಹಾಕಿಸಿಕೊಂಡು ಕಿಟಕಿಯಾಯಿತು.

ದುಂಡಗೇಕೆ?

ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಯಾವುದಾದರೂ ಜವಳಿ ಅಂಗಡಿಗೆ ಹೋಗಿ ಬಟ್ಟೆ ಕೊಳ್ಳಿ. ಅಂಗಡಿಯವರು ಬಟ್ಟೆಯ ಅಂಚಿಗೆ ಕತ್ತರಿಯಿಂದ ಸಣ್ಣದೊಂದು ಗೀರು ಹಾಕಿ, ಎರಡೂ ಕೈಯಿಂದ ಹಿಡಿದೆಳೆದರೆ ಪರ್ರನೆ ಹರಿಯುತ್ತದೆ. ಗೀರಿಲ್ಲದೆ ಎಳೆದರೆ ಹರಿಯುವುದಿಲ್ಲ. ಎಳೆತದ ಬಲವೆಲ್ಲ ಆ ಗೀರಿನ ಚೂಪು ತುದಿಗೆ ಬಂದು ಸೇರುವುದೇ ಇದರ ಗುಟ್ಟು.

ಉಕ್ಕಿನ ತಗಡಿಗೂ ಇದೇ ನಿಯಮ. ಎಳೆತಕ್ಕೆ ಸಿಕ್ಕಿದ ಅಗಲವಾದ ತಗಡಿನಲ್ಲಿ ಒಂದು ದುಂಡು ತೂತಿದ್ದರೆ, ಆ ತೂತಿನ ಅಂಚಿನಲ್ಲಿ ಒತ್ತಡ ಉಳಿದೆಡೆಯ ಮೂರರಷ್ಟಾಗುತ್ತದೆ ಎಂದು 1898ರಲ್ಲಿ ಜರ್ಮನಿಯ ಕಿರ್ಶ್ ಲೆಕ್ಕ ಮಾಡಿ ತೋರಿಸಿದರು. 1913ರಲ್ಲಿ ಇಂಗ್ಲೆಂಡಿನ ಇಂಗ್ಲಿಸ್ ಮುಂದುವರಿದು, ತೂತಿನ ಮೂಲೆ ಚೂಪಾದಷ್ಟೂ ಈ ಒತ್ತಡ ಏರುತ್ತಲೇ ಹೋಗುತ್ತದೆ ಎಂದು ತೋರಿಸಿದರು. ಅವರು ಆ ಪ್ರಬಂಧವನ್ನು ಮಂಡಿಸಿದ್ದು ಹಡಗು ವಿನ್ಯಾಸಕಾರರ ಸಂಸ್ಥೆಯ ಮುಂದೆ. ಹಡಗು ಅಲೆಯ ಮೇಲೆ ಏರಿ ಇಳಿಯುವಾಗ ಅದರ ಮೈ ಬಿಲ್ಲಿನಂತೆ ಆಚೆಗೊಮ್ಮೆ ಈಚೆಗೊಮ್ಮೆ ಬಾಗುತ್ತದೆ. ಚೌಕದ ಕಿಂಡಿಗೆ ನಾಲ್ಕು ಮೂಲೆ ಇದ್ದರೆ ಬಿರುಕು ಬಿಡಲು ನಾಲ್ಕು ಜಾಗ ಇದ್ದಂತೆ.

ಲೆಕ್ಕ ಪುಸ್ತಕದಲ್ಲಿತ್ತು, ಪಾಠ ಮತ್ತೆ ಕಲಿಯಬೇಕಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ 2,700ಕ್ಕೂ ಹೆಚ್ಚು 'ಲಿಬರ್ಟಿ' ಹಡಗುಗಳನ್ನು ಅವಸರದಲ್ಲಿ ಬೆಸೆದು ಕಟ್ಟಿತು. ಚಳಿ ನೀರಿನಲ್ಲಿ ಹಲವು ಹಡಗುಗಳ ಡೆಕ್ ಬಿರಿಯಿತು, ಕೆಲವು ಎರಡು ತುಂಡಾದವು. ಉಕ್ಕಿನ ಗುಣವೂ ಬೆಸುಗೆಯೂ ಕಾರಣವಾಗಿದ್ದವು. ಬಿರುಕು ಅನೇಕ ಸಲ ಆರಂಭವಾದದ್ದು ಸರಕು ಇಳಿಸುವ ಚೌಕದ ಬಾಯಿಯ ಮೂಲೆಯಿಂದ. 1954ರಲ್ಲಿ ಇದೇ ಪಾಠ ಆಕಾಶಕ್ಕೇರಿತು. ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ 'ಕಾಮೆಟ್' ಜನವರಿ 10 ಮತ್ತು ಏಪ್ರಿಲ್ 8ರಂದು ಮೆಡಿಟರೇನಿಯನ್ ಸಮುದ್ರದ ಮೇಲೆ ಒಡೆದು ಬಿದ್ದು 56 ಜನ ತೀರಿಕೊಂಡರು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒತ್ತಡ ಏರಿಸಿ ಇಳಿಸಿ ಪರೀಕ್ಷಿಸಿದಾಗ, ಚೌಕದಂಥ ಕಿಂಡಿಗಳ ಮೂಲೆಯಲ್ಲಿ ಲೋಹ ದಣಿದು ಬಿರಿಯುವುದು ಕಂಡಿತು. ನೀವು ಇನ್ನೊಮ್ಮೆ ವಿಮಾನ ಹತ್ತಿದಾಗ ಕಿಟಕಿಯ ಮೂಲೆ ನೋಡಿ. ಅಲ್ಲಿ ಚೂಪು ಇರುವುದಿಲ್ಲ.

ವಿಮಾನವೂ ಹಡಗೂ ಒಂದೇ ಶಾಸ್ತ್ರದ ಮಕ್ಕಳು ಎನ್ನಲು ನಮ್ಮ ಊರಿನ ಒಂದು ಸಂಗತಿಯೂ ಇದೆ. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದ ವಾಲ್‌ಚಂದ್ ಹೀರಾಚಂದರೇ, ಮರುವರ್ಷ ವಿಶಾಖಪಟ್ಟಣದಲ್ಲಿ ಸಿಂಧಿಯಾ ಕಂಪನಿಯ ಹಡಗು ಕಟ್ಟುವ ಕಾರ್ಖಾನೆಗೂ ಅಡಿಪಾಯ ಹಾಕಿಸಿದರು. ಅಲ್ಲಿ ಕಟ್ಟಿದ 'ಜಲ ಉಷಾ' 1948ರ ಮಾರ್ಚ್ 14ರಂದು ನೆಹರೂ ಅವರ ಕೈಯಿಂದ ನೀರಿಗಿಳಿಯಿತು. ಅದೇ 1948ರಲ್ಲಿ ರಾಜಾಜಿಯವರು ಜಯನಗರ ಬಡಾವಣೆಗೆ ಶಂಕುಸ್ಥಾಪನೆ ಮಾಡಿದರು. ಹೊಸ ದೇಶ ಹಡಗು, ವಿಮಾನ, ಬಡಾವಣೆ ಮೂರನ್ನೂ ಒಟ್ಟಿಗೆ ಕಟ್ಟುತ್ತಿದ್ದ ಕಾಲ ಅದು.

ಲೋಹ ಮತ್ತು ಕಂದು ಕಾಗದ

ಈಗ ಲೋಹದ ಮಾತು. ಒಳ್ಳೆಯ ಹಳೆಯ ಪೋರ್ಟ್‌ಹೋಲ್ ಹಿತ್ತಾಳೆಯದು, ಇಲ್ಲವೇ ಕಂಚಿನದು. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಉಪ್ಪುನೀರಿನಲ್ಲಿ ಕಬ್ಬಿಣದಂತೆ ಇವು ತುಕ್ಕು ಹಿಡಿದು ಪುಡಿಯಾಗುವುದಿಲ್ಲ. ಆದರೆ ಇವನ್ನು ಉಕ್ಕಿನ ದೋಣಿಗೆ ನೇರವಾಗಿ ಬೋಲ್ಟು ಹಾಕಿ ಬಿಗಿದರೆ ಏನಾಗುತ್ತದೆ? ಇದಕ್ಕೆ ಉತ್ತರ 1763ರಲ್ಲಿಯೇ ಸಿಕ್ಕಿತ್ತು.

ಬ್ರಿಟಿಷ್ ನೌಕಾಪಡೆ 1761ರಲ್ಲಿ 'ಅಲಾರ್ಮ್' ಎಂಬ ಮರದ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸಿಗೆ ಕಳಿಸಿತು. ಮರವನ್ನು ಕೊರೆಯುವ ಸಮುದ್ರದ ಹುಳುಗಳನ್ನು ತಡೆಯುವುದು ಉದ್ದೇಶ. ಹುಳು ತಡೆಯಿತು. ಆದರೆ ಹಡಗು ಹಿಂದಿರುಗಿದಾಗ, ತಾಮ್ರಕ್ಕೆ ತಗುಲಿದ್ದ ಕಬ್ಬಿಣದ ಮೊಳೆಗಳು ಕರಗಿ ಹೋಗಿದ್ದವು. ಕೆಲವು ಮೊಳೆಗಳು ಮಾತ್ರ ಚೆನ್ನಾಗಿಯೇ ಉಳಿದಿದ್ದವು. ತಾಮ್ರದ ತಗಡುಗಳನ್ನು ಸುತ್ತಿ ತಂದಿದ್ದ ಕಂದು ಕಾಗದವನ್ನು ಕೆಲವು ಕಡೆ ಕೆಲಸಗಾರರು ತೆಗೆಯದೆ ಹಾಗೆಯೇ ಬಿಟ್ಟಿದ್ದರು. ಎಲ್ಲಿ ತಾಮ್ರಕ್ಕೂ ಕಬ್ಬಿಣಕ್ಕೂ ನಡುವೆ ಆ ಕಾಗದ ಉಳಿದಿತ್ತೋ ಅಲ್ಲಿ ಕಬ್ಬಿಣವೂ ಉಳಿದಿತ್ತು.

ನೆನಪಿಡಿ, ಗ್ಯಾಲ್ವಾನಿಯ ಕಪ್ಪೆಯ ಪ್ರಯೋಗಗಳು ಪ್ರಕಟವಾದದ್ದು 1791ರಲ್ಲಿ, ವೋಲ್ಟಾ ತನ್ನ ವಿದ್ಯುತ್ಕೋಶವನ್ನು ಲೋಕಕ್ಕೆ ತಿಳಿಸಿದ್ದು 1800ರಲ್ಲಿ. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಗುಲಿಕೊಂಡರೆ ಅಲ್ಲೊಂದು ವಿದ್ಯುತ್ಕೋಶವೇ ಆಗುತ್ತದೆ, ಅದರಲ್ಲಿ ಕಬ್ಬಿಣ ಸವೆದು ತಾಮ್ರ ಉಳಿಯುತ್ತದೆ ಎಂಬ ವಿವರಣೆ ಸಿಗುವ ಮೊದಲೇ, ಒಂದು ತುಂಡು ಕಾಗದ ಉತ್ತರ ಹೇಳಿತ್ತು. 1824ರಲ್ಲಿ ಹಂಫ್ರಿ ಡೇವಿ ಇದನ್ನೇ ತಿರುಗಿಸಿ ಬಳಸಿದರು. ತಾಮ್ರದ ಹೊದಿಕೆಗೆ ಸತು ಅಥವಾ ಕಬ್ಬಿಣದ ಚಿಕ್ಕ ತುಂಡು ಅಂಟಿಸಿದರೆ, ತುಂಡು ತಾನು ಸವೆದು ತಾಮ್ರವನ್ನು ಕಾಯುತ್ತದೆ ಎಂದು ತೋರಿಸಿದರು. ಈಗಲೂ ಉಕ್ಕಿನ ಹಡಗುಗಳ ತಳಕ್ಕೆ ಹೀಗೆ ಬಲಿಯಾಗುವ ಲೋಹದ ತುಂಡು ಕಟ್ಟುತ್ತಾರೆ.

ಆದ್ದರಿಂದಲೇ ಹಳೆಯ ಪೋರ್ಟ್‌ಹೋಲನ್ನು ಉಕ್ಕಿನ ದೋಣಿಗೆ ಕೂರಿಸುವವರು ಲೋಹ ಲೋಹಕ್ಕೆ ತಗುಲದಂತೆ ನಡುವೆ ರಬ್ಬರಿನ ಪಟ್ಟಿಯನ್ನೋ ಗಟ್ಟಿಯಾಗುವ ಅಂಟನ್ನೋ ಹಾಕುತ್ತಾರೆ, ಬೋಲ್ಟಿಗೂ ಪ್ಲಾಸ್ಟಿಕ್ಕಿನ ಅಂಗಿ ತೊಡಿಸುತ್ತಾರೆ. ನೀರು ಸೋರದಿರಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅದೇ ಕಂದು ಕಾಗದ.

ಹಳೆಯ ಹಿತ್ತಾಳೆಗೆ ತನ್ನದೇ ಒಂದು ರೋಗವೂ ಇದೆ. ವರ್ಷಾನುಗಟ್ಟಲೆ ಉಪ್ಪುನೀರಿನಲ್ಲಿದ್ದರೆ ಅದರೊಳಗಿನ ಸತು ಕರಗಿ ಹೋಗಿ, ಸ್ಪಂಜಿನಂತೆ ಟೊಳ್ಳಾದ ತಾಮ್ರ ಉಳಿಯುತ್ತದೆ. ಹೊರಗಿನಿಂದ ಆಕಾರ ಹಾಗೆಯೇ ಇರುತ್ತದೆ, ಬಲ ಇರುವುದಿಲ್ಲ. ಕೆರೆದು ನೋಡಿದಾಗ ಹಳದಿ ಹೋಗಿ ನಸುಗೆಂಪು ಕಂಡರೆ ಎಚ್ಚರಿಕೆ ಎಂದರ್ಥ. ನನ್ನ ಅತಿಥಿ ಬೆರಳಿನಿಂದ ತಟ್ಟಿ ನೋಡಿದ್ದು ಸುಮ್ಮನೆ ಅಲ್ಲ. ಗಟ್ಟಿ ಕಂಚು ಗಂಟೆಯಂತೆ ದನಿ ಕೊಡುತ್ತದೆ.

ಮುಚ್ಚಳ ಎಲ್ಲಿ?

ಈಗ ಆ ಹಿರಿಯರು ಕೇಳಿದ ಪ್ರಶ್ನೆಗೆ ಬರೋಣ. ಹಡಗಿನ ಕೆಳಗಿನ ಡೆಕ್‌ನ ಪೋರ್ಟ್‌ಹೋಲ್‌ಗೆ ಗಾಜಿನ ಬಾಗಿಲಿನ ಹಿಂದೆ, ಒಳಭಾಗದಲ್ಲಿ, ತಿರುಗಣೆಗೆ ಸಿಕ್ಕಿಸಿದ ಲೋಹದ ಮುಚ್ಚಳವೊಂದಿರುತ್ತದೆ. ಬಿರುಗಾಳಿ ಎದ್ದಾಗ ಅದನ್ನು ಗಾಜಿನ ಮೇಲೆ ಮುಚ್ಚಿ ತಿರುಪು ಬಿಗಿಯುತ್ತಾರೆ. ಗಾಜು ಒಡೆದರೂ ನೀರು ಒಳಗೆ ಬಾರದು. ಬೆಳಕನ್ನೇ ಕೊಂದುಬಿಡುವ ಇದಕ್ಕೆ ನಾವಿಕರು ಇಟ್ಟ ಹೆಸರು ಡೆಡ್‌ಲೈಟ್.

ಒಂದು ಲೆಕ್ಕ ಮಾಡೋಣ. 30 ಸೆಂಟಿಮೀಟರ್ ವ್ಯಾಸದ ಕಿಂಡಿ ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ ಹೋಯಿತು ಅನ್ನಿ. ಮುಚ್ಚಿದ್ದರೆ ಅದರ ಮೇಲೆ ಬೀಳುವ ಒತ್ತಡ ಸುಮಾರು 70 ಕಿಲೋಗ್ರಾಂ ಭಾರದಷ್ಟು. ಅದೇ ಜಾಗದಲ್ಲಿ ನಾನು ಮೊದಲು ಹೇಳಿದ ಉದ್ದನೆಯ ಕಿಟಕಿ ಇದ್ದರೆ 540 ಕಿಲೋಗ್ರಾಂ. ಕಿಂಡಿ ಚಿಕ್ಕದಾಗಿರುವುದೇಕೆ ಎಂಬುದಕ್ಕೆ ಇದೇ ಉತ್ತರ. ಇನ್ನು ಆ ಚಿಕ್ಕ ಕಿಂಡಿಯೇ ತೆರೆದಿದ್ದರೆ? ಸೆಕೆಂಡಿಗೆ ಸುಮಾರು 190 ಲೀಟರ್ ನೀರು ಒಳಗೆ ಬರುತ್ತದೆ. ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಯವರಿಗೆ ಅರ್ಥವಾಗುವಂತೆ ಹೇಳಬೇಕಾದರೆ, ಆರು ಸಾವಿರ ಲೀಟರಿನ ನೀರಿನ ಟ್ಯಾಂಕರು ಒಂದು ನಿಮಿಷಕ್ಕೆ ಹೆಚ್ಚುಕಡಿಮೆ ಎರಡು. ಅದೂ ಒಂದೇ ಕಿಂಡಿಯಿಂದ.

1914ರ ಮೇ 29ರ ನಸುಕಿನಲ್ಲಿ ಕೆನಡಾದ ಸೇಂಟ್ ಲಾರೆನ್ಸ್ ನದಿಯ ಮಂಜಿನಲ್ಲಿ 'ಎಂಪ್ರೆಸ್ ಆಫ್ ಐರ್ಲೆಂಡ್' ಎಂಬ ಪ್ರಯಾಣಿಕ ಹಡಗಿಗೆ ಕಲ್ಲಿದ್ದಲು ಹೊತ್ತ 'ಸ್ಟೋರ್‌ಸ್ಟಾಡ್' ಡಿಕ್ಕಿ ಹೊಡೆಯಿತು. ಹಡಗು ಗಾಯಗೊಂಡ ಪಕ್ಕಕ್ಕೆ ವಾಲಿತು. ಮಲಗಿದ್ದವರು ಗಾಳಿಗೆಂದು ತೆರೆದಿಟ್ಟಿದ್ದ ಪೋರ್ಟ್‌ಹೋಲ್‌ಗಳು ಒಂದೊಂದಾಗಿ ನೀರಿಗೆ ತಾಗಿದವು. ಹದಿನಾಲ್ಕು ನಿಮಿಷಗಳಲ್ಲಿ ಹಡಗು ಮುಳುಗಿತು. ಅದರಲ್ಲಿದ್ದ 1,477 ಜನರಲ್ಲಿ 1,012 ಜನ ಸತ್ತರು. ಹಡಗನ್ನು ಮುಳುಗಿಸಿದ್ದು ಡಿಕ್ಕಿಯೇ. ಆದರೆ ಅದು ಅಷ್ಟು ಬೇಗ ಮುಳುಗಲು ತೆರೆದ ಕಿಂಡಿಗಳೂ ಕೈ ಕೊಟ್ಟವು.

ಇಂಥ ಸಾವುಗಳಿಂದಲೇ ನಿಯಮಗಳು ಹುಟ್ಟುತ್ತವೆ. 1966ರ ಅಂತಾರಾಷ್ಟ್ರೀಯ ಭಾರಗೆರೆ ಒಪ್ಪಂದದ ಪ್ರಕಾರ ಕೆಳಗಿನ ಡೆಕ್‌ನ ಪೋರ್ಟ್‌ಹೋಲ್‌ಗೆ ಒಳಗಿನಿಂದ ಮುಚ್ಚುವ ತಿರುಗಣೆಯ ಮುಚ್ಚಳ ಕಡ್ಡಾಯ. ಕಿಂಡಿಯ ಕೆಳ ಅಂಚು ತುಂಬು ಭಾರದ ನೀರಿನ ಗೆರೆಗಿಂತ ಕನಿಷ್ಠ 500 ಮಿಲಿಮೀಟರ್ ಅಥವಾ ಹಡಗಿನ ಅಗಲದ ಶೇಕಡ 2.5ರಷ್ಟು, ಯಾವುದು ಹೆಚ್ಚೋ ಅಷ್ಟು, ಮೇಲಿರಬೇಕು.

ಈಗ ನೋಡಿ. ಗುಜರಿ ಅಂಗಡಿಯಲ್ಲಿ ಅಲಂಕಾರಕ್ಕೆಂದು ಮಾರುವ ಹಳೆಯ ಪೋರ್ಟ್‌ಹೋಲ್‌ಗಳಲ್ಲಿ ಎಷ್ಟೋ ಸಲ ಮೊದಲು ಕಳಚಿ ಹೋಗಿರುವುದು ಈ ಮುಚ್ಚಳವೇ. ಗೋಡೆಗೆ ಕನ್ನಡಿಯಾಗಿ ತೂಗುಹಾಕುವವರಿಗೆ ಅದು ಬರೀ ಭಾರ. ದೋಣಿಗೆ ಹಾಕುವವರಿಗೆ, ಅದರಲ್ಲೂ ಸಮುದ್ರಕ್ಕೆ ಇಳಿಯುವವರಿಗೆ, ಅದೇ ಪ್ರಾಣ.

ಕಳಚಿದವರು ಯಾರು?

ಇನ್ನೊಂದು ಮಾತು ಉಳಿದಿದೆ. ಈ ಕಿಟಕಿಗಳನ್ನು ಹಡಗಿನಿಂದ ಕಳಚುವವರು ಯಾರು?

ಗುಜರಾತಿನ ಅಲಂಗ್ ಎಂಬ ಕಡಲ ತೀರಕ್ಕೆ 1983ರ ಫೆಬ್ರವರಿಯಲ್ಲಿ ಮೊದಲ ಹಡಗು ಒಡೆಯಲು ಬಂತು. ಖಂಭಾತ್ ಕೊಲ್ಲಿಯ ಉಬ್ಬರ ಹತ್ತು ಮೀಟರಿನಷ್ಟು ಏರುವುದರಿಂದ, ಉಬ್ಬರದಲ್ಲಿ ಹಡಗನ್ನು ದಡಕ್ಕೆ ಓಡಿಸಿದರೆ ಇಳಿತದಲ್ಲಿ ಅದು ಮರಳಿನ ಮೇಲೆ ನಿಲ್ಲುತ್ತದೆ. ಅಲ್ಲಿಗೆ ಬಂದ ಹಡಗುಗಳಲ್ಲಿ 1960ರಲ್ಲಿ ನೀರಿಗಿಳಿದ 'ಫ್ರಾನ್ಸ್' ಕೂಡ ಒಂದು. ಸುಮಾರು 316 ಮೀಟರ್ ಉದ್ದದ, ತನ್ನ ಕಾಲದ ಅತಿ ಉದ್ದದ ಪ್ರಯಾಣಿಕ ಹಡಗಾಗಿದ್ದ ಅದು, 'ನಾರ್ವೆ' ಎಂದು ಹೆಸರು ಬದಲಿಸಿ ದುಡಿದು, ಕೊನೆಗೆ 'ಬ್ಲೂ ಲೇಡಿ' ಎಂಬ ಹೆಸರಿನಲ್ಲಿ 2006ರಲ್ಲಿ ಅಲಂಗ್ ಸೇರಿತು. ಅದರೊಳಗಿದ್ದ ಕಲ್ನಾರಿನ ಕಾರಣಕ್ಕೆ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ದಶಕಗಳ ನಂತರ ಕ್ಯಾನ್ಸರ್ ತರಬಲ್ಲದು. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಈ ಎಲ್ಲದರ ನಡುವೆ ನಿಂತು, ದೂರದ ಊರುಗಳಿಂದ ಕೂಲಿಗೆ ಬಂದವರು ಕೈಯಿಂದಲೇ ಕಳಚಿ ತೆಗೆದದ್ದು ಆ ಸುಂದರ ಕಿಟಕಿ. ಇವರ ರಕ್ಷಣೆಗಾಗಿ ಭಾರತ 2019ರಲ್ಲಿ ಹಡಗು ಮರುಬಳಕೆ ಕಾಯಿದೆ ಮಾಡಿತು. 2009ರಲ್ಲಿ ಒಪ್ಪಿಗೆಯಾದ ಹಾಂಗ್‌ಕಾಂಗ್ ಒಪ್ಪಂದ ಜಗತ್ತಿನಲ್ಲಿ ಜಾರಿಗೆ ಬರಲು 2025ರ ಜೂನ್ 26ರವರೆಗೆ ಕಾಯಬೇಕಾಯಿತು.

ಮಿತ್ರರೇ, ಹಳೆಯದನ್ನು ಮತ್ತೆ ಬಳಸುವುದು ಒಳ್ಳೆಯದು. ಲೋಹ ಉಳಿಯುತ್ತದೆ, ಕುಶಲಕರ್ಮ ಉಳಿಯುತ್ತದೆ. ನಮ್ಮ ಬಡಾವಣೆಗಳಲ್ಲಿ ಹಳೆಯ ಮನೆ ಕೆಡವಿದಾಗ ತೇಗದ ಬಾಗಿಲು ಕಿಟಕಿಗಳು ಹಳೆ ಸಾಮಾನಿನ ಅಂಗಡಿ ಸೇರಿ, ಇನ್ನೊಂದು ಮನೆಗೆ ಹೋಗುವುದನ್ನು ನೀವು ನೋಡಿದ್ದೀರಿ. ಆದರೆ ವಸ್ತುವಿನ ಜೊತೆಗೆ ಅದರ ಕಾರಣವೂ ಹೋಗಬೇಕು. ಆಕಾರ ತೆಗೆದುಕೊಂಡು ಕಾರಣ ಬಿಟ್ಟರೆ, ಹಿಂದಿನವರು ಜೀವ ತೆತ್ತು ಕಲಿತದ್ದನ್ನು ನಾವು ಮತ್ತೆ ಅದೇ ಬೆಲೆಗೆ ಕಲಿಯಬೇಕಾಗುತ್ತದೆ.

ಮುಂದಿನ ಭಾನುವಾರ ಬಿಡುವಿದ್ದರೆ ಹಳೆ ಸಾಮಾನಿನ ಅಂಗಡಿಯೊಂದಕ್ಕೆ ಹೋಗಿ. ಜೇಬಿನಲ್ಲಿ ಒಂದು ಆಯಸ್ಕಾಂತ ಇರಲಿ. ಯಾವ ವಸ್ತು ಕಣ್ಣಿಗೆ ಬಿದ್ದರೂ, ಇದರ ಆಕಾರ ಹೀಗೇಕೆ, ಈ ಲೋಹವೇ ಏಕೆ, ಇದರಲ್ಲಿ ಏನು ಕಾಣೆಯಾಗಿದೆ ಎಂದು ಕೇಳಿ. ನಾನು ತಂದಿದ್ದ ನಕಲಿ ಕಿಟಕಿ ಈಗಲೂ ನನ್ನ ಮೇಜಿನ ಮೇಲಿದೆ. ನೋಡಿದಾಗಲೆಲ್ಲ ಆ ಹಿರಿಯರ ಪ್ರಶ್ನೆ ನೆನಪಾಗುತ್ತದೆ. ಇತಿಹಾಸ ಓದುವವರಿಗೂ ಅದು ಬಹಳ ಒಳ್ಳೆಯ ಪ್ರಶ್ನೆ: ಇದರ ಮುಚ್ಚಳ ಎಲ್ಲಿ?